ಇನ್ನೂ ದೂರ, ಇನ್ನೂ ಮೇಲೆ

ಗುರುವಾರ ಬೆಳಿಗ್ಗೆ ಬರ್ನಿಸ್ ಬೇಲಿಯ ಮೇಲಿಂದ ಆಡಿದ್ದು ಒಂದೇ ಮಾತು. "ನಾಳೆ ಬೆಳಕು ಹರಿಯೋ ಹೊತ್ತಿಗೆ ಹೊರಡ್ತೀವಿ ಮಿಸೆಸ್ ಡಿನಾರ್ಡೊ, ಬೆಟ್ಟಕ್ಕೆ."

ಸ್ಪ್ರೂಸ್ ಬೀದಿಯಲ್ಲಿ ಮಿಸೆಸ್ ಡಿನಾರ್ಡೊಗೆ ಒಂದು ವಿಷಯ ಹೇಳುವುದೂ ಇಗರ್ಜಿಯ ಗಂಟೆ ಬಾರಿಸುವುದೂ ಒಂದೇ. ಗಂಟೆಯಾದರೆ ಒಂದಷ್ಟು ಹೊತ್ತು ಹೊಡೆದು ಸುಮ್ಮನಾಗುತ್ತದೆ.

ಗಾಡಿಯ ಅಡಿಯಲ್ಲಿ ಅಂಗಾತ ಮಲಗಿ ನೀರಿನ ಪೈಪಿನ ನಟ್ಟು ಬಿಗಿಯುತ್ತಿದ್ದ ಬರ್ನಿಸ್‌ಳ ಗಂಡ ಕ್ಲೆಮೆಂಟ್ ವೊಯ್ಚಿಕ್‌ಗೆ ಆ ಮಾತು ಕೇಳಿಸಿತು. ದಡಕ್ಕನೆ ಎದ್ದು ಕೂತ. ಗಾಡಿಯ ಅಡಿಯಲ್ಲಿ ಎದ್ದು ಕೂರಲು ಜಾಗವಿಲ್ಲ ಎನ್ನುವುದು ಹಣೆಗೆ ಕಬ್ಬಿಣ ಬಡಿದ ಮೇಲೆ ನೆನಪಾಯಿತು.

"ಬರ್ನಿಸ್! ಯಾರಿಗೂ ಹೇಳ್ಬೇಡ ಅಂತ ಬಡ್ಕೊಂಡಿರ್ಲಿಲ್ವಾ ನಾನು?"

"ಮನೆ ಮುಂದೆ ಮನೆಯಷ್ಟೇ ದೊಡ್ಡ ಗಾಡಿ ನಿಲ್ಸಿದ್ದೀಯ ಕ್ಲೆಮ್. ವಿಮಾನದಲ್ಲಿ ಹೋಗೋರಿಗೂ ಗೊತ್ತಾಗಿದೆ."

ಕ್ಲೆಮೆಂಟ್ ಎಂದರೆ ಶಾಂತ ಸ್ವಭಾವದವನು ಎಂದರ್ಥವಂತೆ. ಹೆಸರಿಟ್ಟ ಪಾದ್ರಿ ಒಳ್ಳೆಯ ಮನುಷ್ಯ, ಪಾಪ, ಮುಂದಾಗುವುದು ಅವರಿಗೇನು ಗೊತ್ತು. ಊರಿನ ಬಣ್ಣದ ಅಂಗಡಿಯಲ್ಲಿ ಕ್ಲೆಮ್ ಇಪ್ಪತ್ತೈದು ವರ್ಷದಿಂದ ಬಣ್ಣ ಕಲಸುತ್ತಿದ್ದ. "ಇದು ಬಿಳಿ ಹೌದು, ಆದ್ರೆ ಸ್ವಲ್ಪ ಹೆಚ್ಚು ಬಿಳಿ ಆಯ್ತೇನೋ" ಎನ್ನುವ ಗಿರಾಕಿಗಳ ಎದುರು ಹಲ್ಲು ಕಚ್ಚಿಕೊಂಡು ನಿಂತು ನಿಂತು, ಸಂಜೆ ಮನೆಗೆ ಬರುವ ಹೊತ್ತಿಗೆ ಅವನು ಒಲೆಯ ಮೇಲೆ ಮರೆತ ಕುಕ್ಕರಿನಂತೆ ಇರುತ್ತಿದ್ದ. ಸೀಟಿ ಹೊಡೆಯುವುದೊಂದೇ ಬಾಕಿ.

ಆ ಸಿಟ್ಟಿನಿಂದಲೇ ಮೂರು ವರ್ಷ ಈ ಪ್ರವಾಸ ಹಾಳಾಗಿತ್ತು. ಮೊದಲನೆಯ ವರ್ಷ ಬಾಡಿಗೆ ಗಾಡಿ ಕೊಡುವವನ ಜೊತೆ ಜಗಳವಾಡಿ ಬರಿಗೈಯಲ್ಲಿ ವಾಪಸು ಬಂದ. ಮರುವರ್ಷ ಅರ್ಧ ದಾರಿಯಲ್ಲಿ ಪೆಟ್ರೋಲ್ ಬಂಕಿನವನ ಜೊತೆ ಹೊಡೆದಾಟಕ್ಕೆ ನಿಂತು, ಪೊಲೀಸ್ ಠಾಣೆಯ ಬೆಂಚಿನ ಮೇಲೆ ರಜೆ ಕಳೆದ. ಅದರ ಮರುವರ್ಷ ಬೆಟ್ಟದ ಪಾರ್ಕಿಗೆ ಫೋನ್ ಮಾಡಿ, ಬಿಡಾರದ ಜಾಗದ ಬುಕ್ಕಿಂಗ್ ನೋಡುವ ಹೆಂಗಸಿನ ಮೇಲೆ ಕೂಗಾಡಿದ. ಅವಳು ಫೋನ್ ಇಟ್ಟಳು, ಅವನ ಜಾಗ ಬೇರೆಯವರ ಪಾಲಾಯಿತು. ಈ ಸಲ ಬರ್ನಿಸ್ ಬುಕ್ಕಿಂಗ್ ಕೆಲಸವನ್ನು ತಾನೇ ಇಟ್ಟುಕೊಂಡಳು. ಕ್ಲೆಮ್ ತನ್ನ ಮೀನು ಹಿಡಿಯುವ ದೋಣಿಯನ್ನು ಮಾರಿ ಒಂದು ಹಳೆಯ ಆರ್‌ವಿ ಕೊಂಡ. ಹಾಸಿಗೆ, ಒಲೆ, ಫ್ರಿಜ್ಜು, ಹಿಂದುಗಡೆ ಬೀರುವಿನಷ್ಟು ಅಗಲದ ಕಕ್ಕಸು, ಎಲ್ಲವನ್ನೂ ಒಳಗೆ ತುರುಕಿದ ಬಸ್ಸಿನಂಥ ಗಾಡಿ ಅದು.

ಹೋಗಬೇಕಾದದ್ದು ರಾಜ್ಯದ ಉತ್ತರದ ಬೆಟ್ಟಗಳಲ್ಲಿರುವ ಟರ್ನರ್ಸ್ ನಾಬ್ ಸ್ಟೇಟ್ ಪಾರ್ಕಿಗೆ. ಅಲ್ಲಿ ಎಲ್ಕ್‌ಗಳಿವೆ, ನಮ್ಮ ಮನೆಯಂಗಳಕ್ಕೆ ಬಂದು ಹೂಗಿಡ ಮೇಯುವ ಜಿಂಕೆಗಳಲ್ಲ, ಕುದುರೆಯ ಗಾತ್ರದ, ತಲೆಯ ಮೇಲೆ ಮರವನ್ನೇ ಹೊತ್ತಂಥ ಕೊಂಬಿನ ಪ್ರಾಣಿಗಳು. ಎಲೆ ಕೆಂಪಾಗುವ ಈ ಕಾಲದಲ್ಲಿ ಗಂಡು ಎಲ್ಕ್ ಸಂಜೆಯ ಹೊತ್ತು ಹುಲ್ಲುಗಾವಲಿಗೆ ಬಂದು ಕೂಗುತ್ತದೆ. ಬರ್ನಿಸ್ ಒಂಬತ್ತು ವರ್ಷದವಳಿದ್ದಾಗ, ಗಣಿಯಲ್ಲಿ ದುಡಿಯುತ್ತಿದ್ದ ಅವಳ ಅಪ್ಪ ಅವಳನ್ನು ಆ ಬೆಟ್ಟಕ್ಕೆ ಕರೆದೊಯ್ದು, ತನ್ನ ಕೋಟಿನೊಳಗೆ ಸುತ್ತಿಕೊಂಡು ಕೂರಿಸಿ ಆ ಕೂಗು ಕೇಳಿಸಿದ್ದ. ಮುಂದಿನ ವರ್ಷ ಮತ್ತೆ ಬರೋಣ ಎಂದಿದ್ದ. ಆ ಚಳಿಗಾಲ ಅವನು ಗಣಿಯಿಂದ ಮೇಲೆ ಬರಲಿಲ್ಲ.

ಇದನ್ನೆಲ್ಲ ಬರ್ನಿಸ್ ಯಾರಿಗೂ ಹೇಳಿಕೊಂಡವಳಲ್ಲ. ಗಂಡನಿಗೆ ಹೇಳಿದ್ದೂ ಒಂದೇ ಸಲ. ಆದರೆ ಈ ವಾರ ಅವಳು ತುಂಬ ಮೆತ್ತಗೆ ಇನ್ನೊಂದು ಮಾತು ಹೇಳಿದ್ದಳು. "ಈ ಸಲ ನಿನ್ನ ಬಾಯಿಂದ ಇದು ಕೆಟ್ಟರೆ ನಾನು ಈರಿ ಪಟ್ಟಣಕ್ಕೆ ಹೋಗ್ತೀನಿ, ಲೊರೇನ್ ಮನೆಗೆ. ಕ್ರಿಸ್ಮಸ್ಸಿಗೂ ವಾಪಸ್ ಬರಲ್ಲ." ಲೊರೇನ್ ಅವಳ ಅಕ್ಕ. ಬರ್ನಿಸ್ ಕೂಗಿದ್ದರೆ ಕ್ಲೆಮ್‌ಗೆ ಅಷ್ಟು ಭಯವಾಗುತ್ತಿರಲಿಲ್ಲ.

ಹಾಗಾಗಿ ಹಣೆ ಉಜ್ಜಿಕೊಳ್ಳುತ್ತ ಗಾಡಿಯ ಅಡಿಯಿಂದ ಹೊರಬಂದವನು ಒಂದು ದೊಡ್ಡ ಉಸಿರು ಬಿಟ್ಟು, "ಹೋಗ್ಲಿ ಬಿಡು" ಎಂದ. ಹೇಳಿ ಮುಗಿಸುವಷ್ಟರಲ್ಲಿ ಮಿಸೆಸ್ ಡಿನಾರ್ಡೊ ಎರಡು ಕೈಯಲ್ಲೂ ಪಾತ್ರೆ ಹಿಡಿದು ಗೇಟು ದಾಟಿ ಬಂದಾಗಿತ್ತು.

"ಏನಪ್ಪಾ ಕ್ಲೆಮೆಂಟ್, ಬೆಟ್ಟದಲ್ಲಿ ಏನು ತಿಂತೀಯ? ಗರಿಕೆ ಹುಲ್ಲಾ? ತಗೋ, ಮಾಂಸದುಂಡೆ. ಇದು ಸಾಸೇಜು, ದಪ್ಪ ಮೆಣಸಿನಕಾಯಿ ಹಾಕಿ ಹುರಿದಿದ್ದೀನಿ. ಲಸಾನ್ಯ ಒಲೆಯಲ್ಲಿದೆ, ಈಗ ತರ್ತೀನಿ."

"ಮಿಸೆಸ್ ಡಿನಾರ್ಡೊ, ನಾವು ಹೋಗೋದು ಎರಡು ದಿನಕ್ಕೆ."

"ಅದಕ್ಕೇ ಸ್ವಲ್ಪವೇ ಮಾಡಿದ್ದು."

ಎಂಬತ್ತರ ಹತ್ತಿರದ ಮುದುಕಿ. ಗಂಡ ತೀರಿಕೊಂಡ ಮೇಲೂ ಆಕೆ ಆರು ಜನಕ್ಕೆ ಅಡುಗೆ ಮಾಡುವುದನ್ನು ಬಿಟ್ಟಿರಲಿಲ್ಲ, ತಿನ್ನುವವರನ್ನು ಬೀದಿಯಲ್ಲಿ ಹುಡುಕಿಕೊಳ್ಳುತ್ತಿದ್ದರು. ಆಕೆ ಗಾಡಿ ಹತ್ತಿ, ಕ್ಲೆಮ್ ಒಪ್ಪವಾಗಿ ಜೋಡಿಸಿಟ್ಟಿದ್ದ ಹಾಲು, ಮೊಟ್ಟೆ, ಬಿಯರುಗಳನ್ನೆಲ್ಲ ಕೆಳಗಿಳಿಸಿ ಫ್ರಿಜ್ಜಿಗೆ ತಮ್ಮ ಪಾತ್ರೆಗಳನ್ನು ತುಂಬಿದರು. ಹಿಡಿಸದೆ ಉಳಿದದ್ದನ್ನು ಹಾಸಿಗೆಯ ಮೇಲಿಟ್ಟರು. ಟೊಮೇಟೊ, ಬೆಳ್ಳುಳ್ಳಿಯ ಘಮಘಮ ಗಾಡಿಯ ಕಿಟಕಿಯಿಂದ ಇಳಿದು, ಬೀದಿ ದಾಟಿ, ಮನೆಗಳ ಹಿಂದಿನ ಕುರುಚಲು ಕಾಡಿನವರೆಗೂ ಹೋಯಿತು. ಕ್ಲೆಮ್ ಬಿಯರು ಬಾಟಲಿಗಳನ್ನು ಎದೆಗವಚಿಕೊಂಡು ನಿಂತಿದ್ದ. ಕಿವಿ ಕೆಂಪಾಗಿತ್ತು. ಬಾಯಿ ಮಾತ್ರ ಮುಚ್ಚಿತ್ತು.

ಅಷ್ಟರಲ್ಲಿ ಎದುರು ಮನೆಯ ವರ್ಜಿಲ್ ಟೇಟ್ ಬಂದ. ಸಿಟಿ ಬಸ್ ಓಡಿಸಿ ನಿವೃತ್ತನಾದವನು. ಚಕ್ರವಿರುವ ಯಾವ ವಸ್ತುವನ್ನು ಕಂಡರೂ ಅದು ತನ್ನ ಇಲಾಖೆಗೆ ಸೇರಿದ್ದು ಎನ್ನುವ ನಂಬಿಕೆ ಅವನದು. ಚಳಿ ಶುರುವಾದರೆ ಒಂದು ಕಪ್ಪು ಉಣ್ಣೆ ಕೋಟು ಹಾಕಿದನೆಂದರೆ ಅದನ್ನು ಮೈಮೇಲಿಂದ ತೆಗೆಯುವುದು ಬೇಸಿಗೆಗೇ.

"ಲೋ ಕ್ಲೆಮ್, ಇದೇನೋ ಚಕ್ರಕ್ಕೆ ಮರದ ತುಂಡು ಕೊಟ್ಟಿದ್ದೀಯ?"

"ಇಳಿಜಾರು ಕಣೋ. ಜಾರಬಾರದಲ್ಲ."

ಇಳಿಜಾರಂತೂ ನಿಜ. ಕ್ಲೆಮ್‌ನ ಮನೆ ಬೀದಿಯ ಮೇಲ್ಮಗ್ಗುಲಲ್ಲಿ, ವರ್ಜಿಲ್‌ನದು ಕೆಳಮಗ್ಗುಲಲ್ಲಿ. ಕ್ಲೆಮ್‌ನ ಅಂಗಳದಿಂದ ಚೆಂಡು ಬಿಟ್ಟರೆ ಅದು ನೆಟ್ಟಗೆ ವರ್ಜಿಲ್‌ನ ಕುಂಬಳದ ಪಾತಿಗೆ ಹೋಗಿ ನಿಲ್ಲುತ್ತಿತ್ತು. ಆ ಪಾತಿಯಲ್ಲಿ ವರ್ಜಿಲ್ ಬೇಸಿಗೆಯಿಡೀ ಹಾಲುಣಿಸಿ ಸಾಕಿದ ಒಂದು ಕುಂಬಳಕಾಯಿ ಇತ್ತು. ಮೂರು ಜನ ಸೇರಿದರೂ ತಬ್ಬಲಾರದಷ್ಟು ದೊಡ್ಡದು. ಅದಕ್ಕೆ ಅವನು ರಾತ್ರಿ ಕಂಬಳಿ ಹೊದಿಸುತ್ತಿದ್ದ.

"ಬ್ರೇಕ್ ಸರಿಯಿದ್ರೆ ಮರದ ತುಂಡು ಯಾಕೆ? ಬ್ರೇಕ್ ಮೇಲೆ ನಿಲ್ದೇ ಇರೋ ಗಾಡೀನ ಬೆಟ್ಟ ಹತ್ತಿಸ್ತೀಯಾ? ಬರ್ನಿಸ್‌ನ ಕೊಲ್ಬೇಕು ಅಂತಿದ್ದೀಯಾ?" ಎನ್ನುತ್ತ ವರ್ಜಿಲ್ ಬಗ್ಗಿ, ಒಂದೊಂದೇ ತುಂಡನ್ನು ಎಳೆದು ಬೇಲಿಯ ಕಡೆ ಎಸೆದ. "ನೋಡು, ನಿಂತಿದೆ. ಈಗ ಒಳಗಿಂದು ನೋಡೋಣ." ಒಳಗೆ ಹೋಗಿ ಚಾಲಕನ ಸೀಟಿನಲ್ಲಿ ಕೂತು, ಕ್ಲೆಮ್ ತನ್ನ ಕಾಲಿಗೆ ಹೊಂದಿಸಿಕೊಂಡಿದ್ದ ಸೀಟನ್ನು ಹಿಂದಕ್ಕೆ ಸರಿಸಿ, ಕನ್ನಡಿ ತಿರುಗಿಸಿ, ಹಾರನ್ ಒತ್ತಿದ. "ನಿನ್ನ ಹಾರನ್ನಿಗೆ ನೆಗಡಿ ಕಣೋ. ಮತ್ತೆ ಕೇಳು, ನೀನು ಹೋಗೋ ದಾರಿ ಸರಿಯಿಲ್ಲ. ನದಿ ದಾಟಿ ಹಳೇ ರಸ್ತೇಲಿ ಹೋಗು."

"ಹಳೇ ರಸ್ತೆ ಮೇಲೆ ಹಾದು ಹೋಗೋ ಸೇತುವೆ ತಗ್ಗು. ಅದರಡಿ ಗಾಡಿ ಹಿಡಿಯಲ್ಲ."

"ಇಪ್ಪತ್ತು ವರ್ಷದ ಹಿಂದೆ ನಾನು ಬಸ್ಸು ಒಯ್ದಿದ್ದೀನಿ."

"ಆಗ ಆ ಸೇತುವೇನೇ ಇರ್ಲಿಲ್ಲ!"

"ಅದಕ್ಕೇ ಹಿಡೀತು."

ಹಿಂದಿನಿಂದ ಮಿಸೆಸ್ ಡಿನಾರ್ಡೊ, "ಕ್ಲೆಮೆಂಟ್, ಈ ದಿಂಬು ತೆಗೀಲಾ? ಬಿಸ್ಕತ್ತಿನ ಡಬ್ಬಿಗೆ ಜಾಗ ಸಾಲ್ತಿಲ್ಲ" ಎಂದರು.

ಕುಕ್ಕರು ಸೀಟಿ ಹೊಡೆಯಿತು.

"ಇಳೀರಿ! ಇಬ್ರೂ ಇಳೀರಿ! ಇದು ನನ್ನ ಗಾಡಿ, ನನ್ನ ಫ್ರಿಜ್ಜು, ನನ್ನ ದಿಂಬು! ಎರಡು ದಿನ, ಬರೀ ಎರಡು ದಿನ ನಿಮ್ಮ ಯಾರ ಮುಖಾನೂ ನೋಡದೆ ಹುಲ್ಲಿನ ಮುಂದೆ ಕುರ್ಚಿ ಹಾಕ್ಕೊಂಡು ಕೂರ್ಬೇಕು ಅಂತ ಇಡೀ ವರ್ಷದಿಂದ ಕಾಯ್ತಿದ್ದೀನಿ! ಅದಕ್ಕೂ ನಿಮ್ಮಪ್ಪಣೆ ಬೇಕಾ?"

ಇಬ್ಬರನ್ನೂ ಇಳಿಸಿ ಬಾಗಿಲನ್ನು ಧಡಾರೆಂದು ಬಡಿದ. ಎಷ್ಟು ಜೋರಾಗಿ ಬಡಿದನೆಂದರೆ ಚಿಲಕ ಕಿತ್ತು ಹುಲ್ಲಿಗೆ ಹಾರಿತು, ಬಾಗಿಲು ಮತ್ತೆ ತಾನಾಗಿಯೇ ತೆರೆದುಕೊಂಡು ಗಾಳಿಗೆ ಓಲಾಡತೊಡಗಿತು.

ವರ್ಜಿಲ್ ಚಿಲಕ ನೋಡಿದ, ಕ್ಲೆಮ್‌ನ ಮುಖ ನೋಡಿದ, ಬೀದಿ ದಾಟಿ ಹೋದ. ಮಿಸೆಸ್ ಡಿನಾರ್ಡೊ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು, "ಹಸಿವಿಗೆ ಹಾಗಾಡ್ತಾನೆ, ಪಾಪ" ಎಂದು ಲಸಾನ್ಯ ತರಲು ಹೋದರು. ಬರ್ನಿಸ್ ಅಡುಗೆಮನೆಯ ಕಿಟಕಿಯಿಂದ ಎಲ್ಲವನ್ನೂ ನೋಡಿದ್ದಳು. ಕಿಟಕಿಯ ಪರದೆ ಎಳೆದಳು, ಅಷ್ಟೇ. ಕ್ಲೆಮ್ ಅದನ್ನು ಕಂಡು, ಹುಲ್ಲಿನಲ್ಲಿ ಬಿದ್ದಿದ್ದ ಚಿಲಕ ಎತ್ತಿಕೊಂಡ.

ಚಿಲಕ ಸರಿಮಾಡಲು ಸ್ಕ್ರೂಡ್ರೈವರ್ ಬೇಕು. ಅದನ್ನು ಹುಡುಕಿಕೊಂಡು ಮನೆಯ ನೆಲಮಾಳಿಗೆಗೆ ಇಳಿದ. ತನ್ನನ್ನು, ಚಿಲಕವನ್ನು, ವರ್ಜಿಲ್‌ನ ವಂಶವನ್ನು ಸರದಿಯಂತೆ ಬೈಯುತ್ತ ಬಣ್ಣದ ಡಬ್ಬಿಗಳನ್ನೆಲ್ಲ ತಡಕಾಡಿ ಮೇಲೆ ಬರುವ ಹೊತ್ತಿಗೆ ಗಾಡಿಯೊಳಗಿಂದ ಪಾತ್ರೆಗಳ ಸದ್ದು ಬರುತ್ತಿತ್ತು.

ಬಾಗಿಲಲ್ಲಿ ಇಣುಕಿದ. ಒಳಗೆ ಮಬ್ಬುಗತ್ತಲು. ಫ್ರಿಜ್ಜಿನ ಬಾಗಿಲು ತೆರೆದಿದೆ, ಅದರೊಳಗೆ ತಲೆ ತೂರಿಸಿಕೊಂಡು ಕಪ್ಪು ಕೋಟಿನ ಅಗಲವಾದ ಬೆನ್ನೊಂದು ಬಗ್ಗಿ ನಿಂತಿದೆ.

ಕ್ಲೆಮ್‌ಗೆ ಪಿತ್ತ ನೆತ್ತಿಗೇರಿತು.

"ವರ್ಜಿಲ್! ಮಾನ ಮರ್ಯಾದೆ ಏನಾದ್ರೂ ಇದ್ಯೇನೋ ನಿನಗೆ? ಈಗ ತಾನೆ ಆಚೆ ಹಾಕಿದ್ದೀನಿ, ಬೆನ್ನು ತಿರುಗಿಸೋದೇ ತಡ ಕಳ್ಳನ ಹಾಗೆ ನುಗ್ಗಿ ತಿಂತಿದ್ದೀಯಲ್ಲೋ! ನಿನ್ನ ಮೈ ನೋಡ್ಕೋ, ಎಮ್ಮೆ ಆಗಿದ್ದೀಯ! ನಿನ್ನ ಹೆಂಡ್ತಿ ಹೇಗೆ ಸಹಿಸ್ತಾಳೋ ನಿನ್ನ!"

ಬೆನ್ನು ಅಲುಗಾಡಲಿಲ್ಲ. ಚಪ್ಪರಿಸುವ ಸದ್ದು ಮಾತ್ರ ಜೋರಾಯಿತು. ಈ ಉಡಾಫೆಯನ್ನು ತಡೆಯಲಾರದೆ ಕ್ಲೆಮ್ ಒಳನುಗ್ಗಿ ಆ ಬೆನ್ನಿಗೆ ಛಟೀರನೆ ಒಂದು ಏಟು ಕೊಟ್ಟ. ಕೊಟ್ಟ ಮೇಲೆ, ಕೋಟು ಯಾಕೋ ಬೆಚ್ಚಗಿದೆಯಲ್ಲ ಅನ್ನಿಸಿತು.

ಅದೇ ಕ್ಷಣಕ್ಕೆ ಬೀದಿಯ ಆಚೆಯಿಂದ ವರ್ಜಿಲ್‌ನ ದನಿ ಕೇಳಿಸಿತು. "ಲೋ ಕ್ಲೆಮ್, ಯಾರನ್ನೋ ಅದು ನನ್ನ ಹೆಸರಲ್ಲಿ ಬೈತಿರೋದು?"

ಬೆನ್ನು ತಿರುಗಿತು. ಮೂತಿಯ ತುಂಬ ಟೊಮೇಟೊ ರಸ ಮೆತ್ತಿಕೊಂಡ ಕರಡಿಯೊಂದು, ಊಟದ ನಡುವೆ ಬಂದು ಕೆಣಕಿದವನು ಯಾರು ಎಂಬಂತೆ ಕ್ಲೆಮ್‌ನನ್ನು ನೋಡಿತು. ಚಳಿಗಾಲಕ್ಕೆ ಮೊದಲು ಮೈಗೆ ಕೊಬ್ಬು ತುಂಬಿಕೊಳ್ಳುವ ಕಾಲ. ಕಾಡಿನಲ್ಲಿ ಬೀಜಗಳನ್ನು ಆರಿಸಿ ತಿನ್ನುತ್ತಿದ್ದ ಪ್ರಾಣಿಗೆ ಮಿಸೆಸ್ ಡಿನಾರ್ಡೊ ಅವರ ಮಾಂಸದುಂಡೆಯ ವಾಸನೆ ಬಡಿದರೆ ಅದು ಇನ್ನೇನು ಮಾಡೀತು?

ಬಾಗಿಲ ಕಡೆ ಓಡುವುದು ಬುದ್ಧಿವಂತಿಕೆ. ಕ್ಲೆಮ್ ಗಾಡಿಯ ಹಿಂಭಾಗಕ್ಕೆ ಓಡಿ, ಕಕ್ಕಸಿನೊಳಗೆ ಸೇರಿ ಅಗುಳಿ ಹಾಕಿಕೊಂಡ. ಅಲ್ಲಿ ನಿಂತರೆ ತಲೆ ತಾಗುತ್ತಿತ್ತು, ಕೂತರೆ ಮಂಡಿ. ಅಂಗೈಯಗಲದ ಕಿಟಕಿಗೆ ಮೂಗು ಒತ್ತಿ ಅರಚಿದ. "ಕಾಪಾಡಿ! ಯಾರಾದ್ರೂ ಬನ್ನಿ!"

ಮೊದಲು ಬಂದವನು ವರ್ಜಿಲ್‌ನೇ. "ಕಕ್ಕಸಿನಿಂದ ಯಾಕೋ ಮಾತಾಡ್ತಿದ್ದೀಯ?"

"ಕರಡಿ ಕಣೋ! ಗಾಡಿಯೊಳಗೆ ಕರಡಿ!"

"ಎಷ್ಟು ದೊಡ್ಡದು?"

"ನಿನ್ನಷ್ಟು!"

ಲಸಾನ್ಯದ ತಟ್ಟೆ ಹಿಡಿದು ಮಿಸೆಸ್ ಡಿನಾರ್ಡೊ ಬಂದರು. ಹಿಂದೆಯೇ ಬರ್ನಿಸ್. ಹತ್ತು ನಿಮಿಷದಲ್ಲಿ ಇಡೀ ಬೀದಿಯೇ ಗಾಡಿಯಿಂದ ದೂರದಲ್ಲಿ, ಆದರೆ ಎಲ್ಲವೂ ಕಾಣುವಂತೆ, ನೆರೆದಿತ್ತು. ಬರ್ನಿಸ್ ಕಾಡುಪ್ರಾಣಿಗಳ ಇಲಾಖೆಗೆ ಫೋನ್ ಹಚ್ಚಿದಳು.

"ಕ್ಲೆಮೆಂಟ್, ಅದು ಯಾವ ಪಾತ್ರೆಗೆ ಬಾಯಿ ಹಾಕಿದೆ ನೋಡಪ್ಪಾ" ಎಂದು ಮಿಸೆಸ್ ಡಿನಾರ್ಡೊ ಕಿಟಕಿಯ ಕೆಳಗೆ ನಿಂತು ಕೇಳಿದರು. "ಗಾಜಿನದು ನಮ್ಮತ್ತೆಯದು."

"ನನ್ನ ಪ್ರಾಣ ಹೋಗ್ತಿದೆ, ನಿಮಗೆ ಪಾತ್ರೆ ಚಿಂತೆಯಾ?"

"ಕೇಳಿದೆ ಅಷ್ಟೇ. ಇಷ್ಟಪಟ್ಟು ತಿಂತಿದೆಯಾ?"

ವರ್ಜಿಲ್‌ಗೆ ಉಪಾಯ ಹೊಳೆಯಿತು. "ಕರಡಿಗಳು ಗದ್ದಲಕ್ಕೆ ಹೆದರ್ತವೆ ಕಣೋ. ಜೋರಾಗಿ ಕೂಗು. ಆ ವಿದ್ಯೆಯಲ್ಲಿ ಈ ಜಿಲ್ಲೆಯಲ್ಲೇ ನಿನ್ನ ಸಮ ಯಾರಿದ್ದಾರೆ?"

ಕ್ಲೆಮ್ ಕೂಗಿದ. ಮೂರು ವರ್ಷದ ಹಾಳಾದ ರಜೆಗಳು, ಬಿಳಿಯಲ್ಲಿ ಬಿಳಿ ಹುಡುಕುವ ಗಿರಾಕಿಗಳು, ಎಳೆದ ಪರದೆ, ಎಲ್ಲವೂ ಆ ಕೂಗಿನಲ್ಲಿ ಸೇರಿಕೊಂಡವು. ಬೀದಿಯ ನಾಯಿಗಳೆಲ್ಲ ಬೊಗಳಿದವು. ಕರಡಿಗೂ ಗಾಬರಿಯಾಯಿತು. ಆದರೆ ಅದು ಬಾಗಿಲಿನ ಕಡೆ ಹೋಗದೆ ಮುಂದಕ್ಕೆ ನುಗ್ಗಿ, ವರ್ಜಿಲ್ ವಿಶಾಲವಾಗಿ ಸರಿಸಿಟ್ಟಿದ್ದ ಚಾಲಕನ ಸೀಟನ್ನು ಏರಿತು. ಏರುವಾಗ ಒಂದು ಕಾಲು ಹಾರನ್ ಮೇಲೆ ಬಿತ್ತು. ಇನ್ನೊಂದು ಬ್ರೇಕಿನ ಹಿಡಿಯ ಮೇಲೆ.

ನೆಗಡಿಯಾದ ಹಾರನ್ ಊದುತ್ತ, ಚಕ್ರಕ್ಕೆ ಅಡೆಯಿಲ್ಲದ ಗಾಡಿ ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು.

"ಜಾರ್ತಿದೆ! ಗಾಡಿ ಜಾರ್ತಿದೆ!" ಎಂದು ಜನ ಕೂಗಿದರು.

"ನನಗೂ ಗೊತ್ತಾಗ್ತಿದೆ!" ಎಂದು ಕಿಟಕಿಯಿಂದ ಕ್ಲೆಮ್ ಕೂಗಿದ. ಕಕ್ಕಸಿನ ಕಿಟಕಿಯಲ್ಲಿ ಅವನ ಒಂದು ಕಣ್ಣು, ಅರ್ಧ ಮೀಸೆ ಬೀದಿಯ ಮುಂದೆ ಮೆರವಣಿಗೆ ಹೋದವು. ಗಾಡಿ ಅಂಗಳ ಬಿಟ್ಟಿತು, ಬೀದಿ ದಾಟಿತು, ವರ್ಜಿಲ್‌ನ ಬೇಲಿಯನ್ನು ಮಲಗಿಸಿತು. "ಅಯ್ಯೋ ನನ್ನ ಕೂಸೇ!" ಎಂದು ವರ್ಜಿಲ್ ಓಡುವಷ್ಟರಲ್ಲಿ ಫಚಕ್ ಎಂದು ಒಂದು ಸದ್ದಾಯಿತು. ಗಾಡಿ ಮೆತ್ತಗೆ ನಿಂತಿತು. ಬೀದಿಗೆಲ್ಲ ಹಳದಿ ತಿರುಳು ಹಾರಿತ್ತು.

ಕಾಡುಪ್ರಾಣಿಗಳ ಇಲಾಖೆಯ ಅಧಿಕಾರಿ ಕಬ್ಬಿಣದ ಬೋನಿನ ಗಾಡಿ ಎಳೆದುಕೊಂಡು ಬಂದಾಗ, ಒಬ್ಬ ಗಂಡಸು ಕುಂಬಳದ ಹೋಳುಗಳ ನಡುವೆ ನಿಂತು ಕಕ್ಕಸಿನ ಕಿಟಕಿಯನ್ನು ಬೈಯುತ್ತಿದ್ದ, ಕಕ್ಕಸಿನ ಕಿಟಕಿ ತಿರುಗಿ ಬೈಯುತ್ತಿತ್ತು.

"ಬ್ರೇಕ್ ಸಾಕು ಅಂದೋನು ಯಾರೋ?"

"ಮನುಷ್ಯರು ಓಡಿಸೋ ಗಾಡಿ ಬಗ್ಗೆ ಹೇಳಿದ್ದು ನಾನು!"

ಅಧಿಕಾರಿಯ ಹೆಸರು ಮರಿಯೆಟಾ ಕೀಲರ್. ನಡುವಯಸ್ಸಿನ, ಮಾತು ಕಡಿಮೆಯ ಹೆಂಗಸು. ಮುಂಗಿಟಕಿಯ ಸಂದಿಯಿಂದ ಅರಿವಳಿಕೆಯ ಸೂಜಿ ಹಾರಿಸಿದರು. ಕರಡಿ ಒಂದಷ್ಟು ಹೊತ್ತು ಸ್ಟೀರಿಂಗ್ ತಬ್ಬಿಕೊಂಡಿದ್ದು, ಆಮೇಲೆ ಅದರ ಮೇಲೆಯೇ ಗಲ್ಲವಿಟ್ಟು ಮಲಗಿತು. ಬೀದಿಯ ಗಂಡಸರು ತಾಡಪಾಲಿನಲ್ಲಿ ಹೊತ್ತು ಬೋನಿಗೆ ಹಾಕಿದರು. ಆಮೇಲೆ ಕ್ಲೆಮ್ ಕಕ್ಕಸಿನಿಂದ ಹೊರಬಂದ. ಕಾಲು ಮರಗಟ್ಟಿತ್ತು, ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತು.

"ಎಲ್ಲಿ ಬಿಡ್ತೀರಿ ಇದನ್ನ?" ಎಂದು ಕೇಳಿದ.

"ಜಿಲ್ಲೆಯ ಗಡಿ ದಾಟಿದ್ರೆ ಒಂದು ಕಾಡಿದೆ ಸರ್. ಇಲ್ಲಿಂದ ಒಂದು ಗಂಟೆ ದಾರಿ. ನಾವು ಯಾವಾಗ್ಲೂ ಅಲ್ಲೇ ಬಿಡೋದು."

"ಒಂದು ಗಂಟೆ? ಒಂದು ಗಂಟೆ ದಾರೀನ? ರಾತ್ರಿ ಊಟಕ್ಕೆ ವಾಪಸ್ ಬಂದಿರುತ್ತೆ! ಈ ಮುದುಕಿಯ ಕೈರುಚಿ ನೋಡಿಬಿಟ್ಟಿದೆ ಅದು!"

"ಅದು ನಿಜಾನೇ" ಎಂದು ಮಿಸೆಸ್ ಡಿನಾರ್ಡೊ ಸಂಕೋಚದಿಂದ ಒಪ್ಪಿಕೊಂಡರು.

"ಸರ್, ನಿಯಮದ ಪ್ರಕಾರ..."

"ನಿಯಮ ತಗೊಂಡು ಹೋಗಿ ನದೀಗೆ ಹಾಕಿ! ತೆರಿಗೆ ಕಟ್ಟೋನು ನಾನು! ಕಕ್ಕಸಿನಲ್ಲಿ ಮಡಚಿಕೊಂಡು ಕೂತಿದ್ದೋನು ನಾನು! ದೂರ ಬಿಡಿ. ಇನ್ನೂ ದೂರ! ಬೆಟ್ಟಗಿಟ್ಟ ಇಲ್ವಾ ಈ ರಾಜ್ಯದಲ್ಲಿ? ಎತ್ತರದ್ದೊಂದು ನೋಡಿ, ಅದರ ತುದೀಗೆ ಒಯ್ದು ಬಿಡಿ!"

"ಅಷ್ಟು ದೂರ ಒಯ್ಯೋಕೆ ನಮ್ಮ ಮೇಲಧಿಕಾರಿ ಒಪ್ಪಿಗೆ ಬೇಕು."

"ಫೋನ್ ಮಾಡಿ. ಕೊಡಿ ನನ್ನ ಕೈಗೆ."

ಮೇಲಧಿಕಾರಿ ಏನು ಹೇಳಿದರೋ ಯಾರಿಗೂ ಕೇಳಿಸಲಿಲ್ಲ. ಕ್ಲೆಮ್ ಹೇಳಿದ್ದು ಮಾತ್ರ ನಾಲ್ಕು ಬೀದಿಗೆ ಕೇಳಿಸಿತು. ಪತ್ರಿಕೆಯವರನ್ನು ಕರೆಸುತ್ತೇನೆ ಎಂದ, ವಕೀಲರನ್ನು ಹಿಡಿಯುತ್ತೇನೆ ಎಂದ, ಅಂಗಾಂಗಗಳ ನೋವನ್ನು ಒಂದೊಂದಾಗಿ ಹೆಸರು ಹಿಡಿದು ಹೇಳಿದ. ಕೊನೆಗೆ ಆ ಕಡೆಯ ಮನುಷ್ಯ ಸೋತುಹೋಗಿರಬೇಕು. ಕ್ಲೆಮ್ ಗೆದ್ದ ಸೇನಾಪತಿಯ ಹಾಗೆ ಫೋನನ್ನು ವಾಪಸು ಕೊಟ್ಟ.

ಕೀಲರ್ ಒಂದೆರಡು ಸಲ ಹೂಂಗುಟ್ಟಿ, "ಸರಿ ಸರ್. ಇದಕ್ಕಿಂತ ದೂರ ನಾವು ಒಯ್ಯೋ ಹಾಗಿಲ್ಲ, ಅಲ್ಲಿಗೇ ಒಯ್ತೀನಿ. ಜಾಗದ ಹೆಸರು..." ಎಂದರು.

"ಹೆಸರು ಕಟ್ಕೊಂಡು ನನಗೇನಾಗ್ಬೇಕು? ಹೊರಡಿ ಮೊದಲು!"

ಅವರು ಹೊರಟರು.

ಬೋನಿನ ಗಾಡಿ ಮರೆಯಾದ ಮೇಲೆ ಒಂದು ವಿಚಿತ್ರ ನಡೆಯಿತು. ಬೀದಿಯ ಜನ ಚಪ್ಪಾಳೆ ತಟ್ಟಿದರು. ತಮ್ಮ ಮನೆಗಳ ಹಿಂದೆಯೂ ಆ ಕರಡಿ ಸುಳಿದಾಡುತ್ತಿತ್ತೆಂದು ಈಗ ಒಬ್ಬೊಬ್ಬರೇ ಹೇಳತೊಡಗಿದರು. ಒಬ್ಬರ ಕಸದ ತೊಟ್ಟಿ, ಇನ್ನೊಬ್ಬರ ಜೇನುಪೆಟ್ಟಿಗೆ. ಕ್ಲೆಮ್‌ನ ಬಾಯಿ ಇಲ್ಲದಿದ್ದರೆ ಅದು ನಾಳೆಯೇ ವಾಪಸು ಬರುತ್ತಿತ್ತು ಎಂದರು. ಇಷ್ಟು ವರ್ಷದಲ್ಲಿ ಅವನ ಕೂಗಾಟಕ್ಕೆ ಯಾರಾದರೂ ಕೈಕುಲುಕಿದ್ದು ಅದೇ ಮೊದಲು. ಅದಕ್ಕೆ ಏನು ಮಾಡಬೇಕೆಂದು ತಿಳಿಯದೆ ಅವನು ಪೆಚ್ಚುಪೆಚ್ಚಾಗಿ ನಕ್ಕ. ಆಮೇಲೆ ವರ್ಜಿಲ್‌ನ ಬಳಿ ಹೋಗಿ, ಕುಂಬಳದ ಹೋಳನ್ನು ಬೂಟಿನ ತುದಿಯಿಂದ ಸರಿಸುತ್ತ, "ತಪ್ಪಾಯ್ತು ಮಾರಾಯ. ಇದಕ್ಕೂ, ಆವಾಗ ಬೈದದ್ದಕ್ಕೂ" ಎಂದ.

ವರ್ಜಿಲ್‌ಗೆ ಕುಂಬಳ ಒಡೆದದ್ದಕ್ಕಿಂತ ಇದು ಹೆಚ್ಚು ಆಘಾತವಾಯಿತು. "ಹುಷಾರಿದ್ದೀಯೇನೋ?" ಎಂದ. ಆಮೇಲೆ ಹಗ್ಗ ಹಾಕಿ ಗಾಡಿಯನ್ನು ಮೇಲಕ್ಕೆ ಎಳೆಸಿದ, ಮರದ ತುಂಡುಗಳನ್ನು ತಾನೇ ಆರಿಸಿ ತಂದು ಚಕ್ರಕ್ಕೆ ಕೊಟ್ಟ, ಕಿತ್ತ ಚಿಲಕ ಕೂರಿಸಿದ. ಮಿಸೆಸ್ ಡಿನಾರ್ಡೊ ಬಕೀಟು ತಂದು, ನೆಲದ ಮೇಲಿನ ಟೊಮೇಟೊ ರಸ ಒರೆಸಿದರು. ಅತ್ತೆಯ ಗಾಜಿನ ಪಾತ್ರೆ ಒಡೆದಿರಲಿಲ್ಲ. ಕರಡಿ ಅದನ್ನು ತೊಳೆದಿಟ್ಟಷ್ಟು ಚೊಕ್ಕಟವಾಗಿ ನೆಕ್ಕಿತ್ತು. ಆಕೆ ಅದನ್ನು ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸಿದರು.

ಸಂಜೆಯಾಯಿತು. ಬೆನ್ನಿಗೆ ಬಿಸಿನೀರಿನ ಚೀಲ ಒತ್ತಿಕೊಂಡು ಕ್ಲೆಮ್ ಮುಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದ. ಬರ್ನಿಸ್ ಬಂದು ಪಕ್ಕದಲ್ಲಿ ಕೂತಳು.

"ಬೆಳಿಗ್ಗೆ ನಾನು ಲೊರೇನ್‌ಗೆ ಫೋನ್ ಮಾಡಿದ್ದೆ" ಎಂದಳು. "ಬರ್ತಿದ್ದೀನಿ ಅಂತ. ಪರದೆ ಎಳೆದ ಮೇಲೆ."

ಕ್ಲೆಮ್ ಬಿಸಿನೀರಿನ ಚೀಲವನ್ನು ಪಕ್ಕಕ್ಕಿಟ್ಟ.

"ಮಧ್ಯಾಹ್ನ ಮತ್ತೆ ಮಾಡಿ ಇಲ್ಲ ಅಂದೆ. ಕರಡೀಗೆ ಹೊಡೆದ ಗಂಡನ್ನ ಬಿಟ್ಟು ಹೋದ್ರೆ ಜನ ಏನಂತಾರೆ?" ಅವಳ ತುಟಿಯಲ್ಲಿ ನಗುವಿತ್ತು. "ವರ್ಜಿಲ್ ಹತ್ರ ತಪ್ಪಾಯ್ತು ಅಂದ್ಯಲ್ಲ, ಅದನ್ನೂ ಕೇಳಿಸ್ಕೊಂಡೆ. ಬೇಗ ಮಲ್ಕೋ. ನಾಳೆ ಈ ಹೊತ್ತಿಗೆ ನಾವು ಹುಲ್ಲುಗಾವಲಿನ ಮುಂದೆ ಇರ್ತೀವಿ."

ಅವಳು ಅವನ ಮಂಡಿಯ ಮೇಲೆ ಕೈಯೂರಿ ಎದ್ದು, ದಾರಿಗೆ ರೊಟ್ಟಿ ಕಟ್ಟಿಕೊಳ್ಳಲು ಅಡುಗೆಮನೆಗೆ ಹೋದಳು. ಒಳಗಿನಿಂದ ಗುನುಗುವ ದನಿ ಕೇಳಿಬಂತು. ಅವಳು ಗುನುಗಿದ್ದನ್ನು ಕೇಳಿ ಎಷ್ಟು ಕಾಲವಾಗಿತ್ತೆಂದು ಕ್ಲೆಮ್ ಯೋಚಿಸುತ್ತಿರುವಾಗ ಜೇಬಿನಲ್ಲಿ ಫೋನ್ ಗುಂಯ್‌ಗುಟ್ಟಿತು.

"ನಮಸ್ಕಾರ ಸರ್, ಟರ್ನರ್ಸ್ ನಾಬ್ ಪಾರ್ಕಿನಿಂದ ಮಾತಾಡ್ತಿರೋದು" ಎಂದಿತು ಒಂದು ಹೆಣ್ಣು ದನಿ. "ನಾಳಿನ ಬುಕ್ಕಿಂಗಲ್ಲಿ ಎರಡನೇ ನಂಬರ್ ನಿಮ್ಮದಿತ್ತಲ್ವಾ? ಕ್ಷಮಿಸ್ಬೇಕು. ಬಿಡಾರದ ಜಾಗ ಈ ಋತುವಿಗೆ ಮುಚ್ಚಿಬಿಟ್ಟಿದ್ದೀವಿ. ಒಂದು ಕರಡಿ ಕಾಟ. ಈಗಾಗಲೇ ಮೂರು ಆರ್‌ವಿಗೆ ನುಗ್ಗಿದೆ. ಜೋರಾಗಿ ಕೂಗಿದ್ರೂ ಕದಲಲ್ಲ ಸರ್, ಯಾರೋ ಅದಕ್ಕೆ ಬೈಗುಳ ಚೆನ್ನಾಗಿ ಅಭ್ಯಾಸ ಮಾಡಿಸಿದ ಹಾಗಿದೆ."

"ಎಲ್ಲಿಂದ ಬಂತು ಅದು?" ಕ್ಲೆಮ್‌ನ ಕುತ್ತಿಗೆಯ ನರ ಉಬ್ಬಿತು. ಎದ್ದು ನಿಂತ. "ಜನ ಬರೋ ಜಾಗಕ್ಕೆ ಕರಡಿ ತಂದು ಬಿಟ್ಟ ಮುಠ್ಠಾಳ ಯಾರು?"

"ಇಲಾಖೆಯವರು ಇವತ್ತು ತಂದು ಬಿಟ್ಟಿದ್ದು. ಅವರದೇನೂ ತಪ್ಪಿಲ್ಲ ಸರ್, ಅವರು ಹತ್ತಿರದ ಕಾಡಲ್ಲೇ ಬಿಡೋರಿದ್ರಂತೆ. ಕೆಳಗಿನ ಊರಲ್ಲಿ ಯಾವನೋ ಒಬ್ಬ ಮೇಲಧಿಕಾರಿಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಕೂಗಾಡಿ, ದೂರ ಬಿಡಿ, ಎತ್ತರದ ಬೆಟ್ಟಕ್ಕೇ ಒಯ್ದು ಬಿಡಿ ಅಂತ ಹಟ ಹಿಡಿದನಂತೆ. ಅಂಥೋರೂ ಇರ್ತಾರೆ ನೋಡಿ. ಹೆಸರು ಬರ್ಕೊಂಡಿದ್ದೀವಿ, ಇರಿ... ವೊ... ವೊಯ್... ಓದೋಕೆ ಬರ್ತಿಲ್ಲ. ಸರ್, ನಿಮ್ಮ ಹೆಸರು ಏನಂದ್ರಿ? ಹಲೋ? ಸರ್, ಬುಕ್ಕಿಂಗ್ ಮಾಡಿದೋರಿಗೆ ಮೆಸೇಜೂ ಕಳಿಸ್ತೀವಿ..."

ಕ್ಲೆಮ್ ಫೋನ್ ಆರಿಸಿದ.

ಬಾಯಿ ತೆರೆದೇ ಇತ್ತು. ಬೆಳಗಿನಿಂದ ಕೂಗಿದ್ದಕ್ಕಿಂತಲೂ ದೊಡ್ಡ ಕೂಗೊಂದು ಗಂಟಲಿನವರೆಗೆ ಬಂದು ನಿಂತಿತ್ತು. ಯಾರ ಮೇಲೆ ಬಿಡಬೇಕೆಂದು ಸುತ್ತ ನೋಡಿದ. ಎದುರು ಮನೆಯಲ್ಲಿ ವರ್ಜಿಲ್ ಬೇಲಿಗೆ ಮೊಳೆ ಹೊಡೆಯುತ್ತ ಸ್ನೇಹದಿಂದ ಕೈಯೆತ್ತಿದ. ಪಕ್ಕದ ಮನೆಯಲ್ಲಿ ಮಿಸೆಸ್ ಡಿನಾರ್ಡೊ ಅವನಿಗೆಂದು ಹೊಸದಾಗಿ ಮಾಂಸದುಂಡೆ ಬೇಯಿಸುತ್ತಿದ್ದರು. ಕ್ಲೆಮ್ ಬಾಯಿ ಮುಚ್ಚಿಕೊಂಡ. ನುಂಗಿದ. ಅದು ಇಳಿಯಲು ತುಂಬ ಹೊತ್ತು ಹಿಡಿಯಿತು.

"ಯಾರದು ಕ್ಲೆಮ್ ಫೋನು?" ಬರ್ನಿಸ್ ಒಳಗಿನಿಂದ ಕೂಗಿ ಕೇಳಿದಳು.

"ಯಾರೂ ಇಲ್ಲ" ಎಂದ ಅವನು, ಇಷ್ಟು ವರ್ಷದಲ್ಲಿ ಅವಳು ಎಂದೂ ಕೇಳಿರದಷ್ಟು ಮೆತ್ತಗೆ. "ರಾಂಗ್ ನಂಬರ್."

ಅಡುಗೆಮನೆಯ ಮೇಜಿನ ಮೇಲಿದ್ದ ಬರ್ನಿಸ್‌ಳ ಫೋನ್ ಟಿಣ್ ಎಂದಿತು. ಬುಕ್ಕಿಂಗ್ ಮಾಡಿದ್ದವಳು ಅವಳಲ್ಲವೇ. ಗುನುಗು ನಿಂತಿತು.